ಅವರ ಜೋರು ಬೇರೆ, ನಮ್ಮ ಜೋರು ಬೇರೆ

ಹುಕ್ಕೇರಿ, ಹೊರಡುವ ಮೊದಲು

ನನ್ನನ್ನು ತುರ್ಕಿ ದೇಶಕ್ಕೆ ಕಳಿಸುತ್ತಾರೆಂಬ ಸುದ್ದಿ ನಮ್ಮೂರು ಕಲ್ಲೋಳಿಯ ಬಸ್ ಸ್ಟ್ಯಾಂಡಿಗೆ ಮುಟ್ಟಿದಾಗ ಅಲ್ಲಿದ್ದವರೆಲ್ಲ ನಕ್ಕರಂತೆ. ಅವರ ತಪ್ಪಲ್ಲ. ಆ ಬಸ್ ಸ್ಟ್ಯಾಂಡಿಗೆ ನಾನು ಇಷ್ಟು ವರ್ಷ ಕೊಟ್ಟಿರುವುದು ನಗುವನ್ನು ಮಾತ್ರ. ಮೂಡಲಗಿ ಬಸ್ಸಿನ ಕಂಡಕ್ಟರ್ ಮೂಗಿನಲ್ಲೇ ‘ಮುಂದ ಸರೀರಿ’ ಅನ್ನುವುದು, ಅರಭಾವಿ ಕಾಲೇಜಿನ ಮಾಸ್ತರರೊಬ್ಬರು ಪೇರಲ ಗಿಡದ ಜೊತೆಗೂ ಇಂಗ್ಲಿಷಿನಲ್ಲೇ ಮಾತಾಡುವುದು, ಗೋಕಾಕ ಫಾಲ್ಸಿನ ಮಿಲ್ಲಿನ ಭೋಂಗಾ, ಎಲ್ಲವನ್ನೂ ನನ್ನ ಗಂಟಲು ಬಲ್ಲದು. ಭೋಂಗಾ ಎಷ್ಟು ಖರೆ ಬರುತ್ತದೆಂದರೆ, ಒಮ್ಮೆ ಫಾಲ್ಸಿನ ಚಹಾದಂಗಡಿಯಲ್ಲಿ ಕೂಗಿದಾಗ ಎಂದೋ ನಿವೃತ್ತನಾಗಿದ್ದ ಅಜ್ಜನೊಬ್ಬ ಊಟದ ಡಬ್ಬಿ ಹುಡುಕಲು ಎದ್ದಿದ್ದ. ಕನ್ನಡಿಯ ಮುಂದೆ ನಿಂತು ನನ್ನದೇ ನಕಲು ತೆಗೆಯಲು ಹೋದಾಗ ಮಾತ್ರ ಏನೂ ಬರಲಿಲ್ಲ. ಅಸಲು ಮಾಲು ಇಲ್ಲದಿದ್ದರೆ ನಕಲು ಎಲ್ಲಿಂದ ತರುವುದು?

ಇಂಥವನಿಗೆ ಪರದೇಶದಲ್ಲಿ ಏನು ಕೆಲಸ ಎಂದು ಕೇಳುವುದು ನ್ಯಾಯ. ನಾನು ಹುಕ್ಕೇರಿಯ ಜಿನ್ನಪ್ಪ ಕಾಕಾ ಅವರ ವರ್ಕ್‌ಶಾಪಿನಲ್ಲಿ ದುಡಿಯುತ್ತೇನೆ. ಕಾಕಾ ಮೊದಲು ಬೋರ್‌ವೆಲ್ ಪಂಪು ರಿಪೇರಿ ಮಾಡುತ್ತಿದ್ದರು. ಈಗ ಸುರಂಗ ಕೊರೆಯುವವರು, ಅಣೆಕಟ್ಟು ಕಟ್ಟುವವರು ಕೇಳುವ ಒಂದು ವಿಚಿತ್ರ ಸಾಮಾನು ಮಾಡುತ್ತಾರೆ. ಅದಕ್ಕೆ ಪ್ಯಾಕರು ಎನ್ನುತ್ತಾರೆ. ಉಕ್ಕಿನ ಕೊಳವೆ, ಅದರ ಮೇಲೆ ದಪ್ಪ ರಬ್ಬರಿನ ತೋಳು. ಕೊರೆದ ಬಾವಿಯೊಳಗೆ ಇಳಿಸಿ, ಮೇಲಿನಿಂದ ನೀರು ತುಂಬಿದರೆ ರಬ್ಬರು ಉಬ್ಬಿ ಬಾವಿಯ ಗೋಡೆಯನ್ನು ಅವಚಿಕೊಳ್ಳುತ್ತದೆ. ಮೊಳ ಅಂತರದಲ್ಲಿ ಇಂಥವು ಎರಡಿದ್ದರೆ ನಡುವೆ ಒಂದು ಬೀಗ ಹಾಕಿದ ಕೋಣೆ ಆಯಿತು. ಆ ಕೋಣೆಗೆ ಮೆಲ್ಲಗೆ ನೀರು ಒತ್ತುತ್ತ ಹೋದರೆ ಒಂದು ಗಳಿಗೆಯಲ್ಲಿ ಕಲ್ಲು ಬಿರಿಯುತ್ತದೆ. ಪಂಪು ನಿಲ್ಲಿಸಿದರೆ ಬಿರುಕು ಮತ್ತೆ ಬಾಯಿ ಮುಚ್ಚುತ್ತದೆ. ಎಷ್ಟಕ್ಕೆ ಬಿಚ್ಚಿತು, ಎಷ್ಟಕ್ಕೆ ಮುಚ್ಚಿತು ಎಂದು ನೋಡಿದರೆ ನೆಲದಾಳದಲ್ಲಿ ಭೂಮಿ ಆ ಕಲ್ಲನ್ನು ಎಷ್ಟು ಹಿಸುಕುತ್ತಿದೆ ಎಂದು ಗೊತ್ತಾಗುತ್ತದೆ. ಯಾವ ಕಡೆಯಿಂದ ಹಿಸುಕುತ್ತಿದೆ ಎಂಬುದು ಬಿರುಕಿನ ದಿಕ್ಕಿನಿಂದ ತಿಳಿಯುತ್ತದೆ. ನಂಬಿಕೆಯಿಲ್ಲದಿದ್ದರೆ ಒಂದು ತುಂಡು ಗೋಕಾಕ ಕರದಂಟನ್ನು ಎರಡು ಅಂಗೈ ನಡುವೆ ಒತ್ತಿ ನೋಡಿ. ಒತ್ತಿದ ದಿಕ್ಕಿಗೇ ಬಿರುಕು ಓಡುತ್ತದೆ. ಪ್ರಯೋಗ ಮುಗಿದ ಮೇಲೆ ತಿನ್ನಲೂಬಹುದು.

ತುರ್ಕಿಯ ಪಶ್ಚಿಮದ ಒಂದು ಕಣಿವೆಯಲ್ಲಿ ನೆಲದಡಿ ಕುದಿಯುವ ನೀರಿದೆ. ಅದನ್ನು ಮೇಲೆ ತಂದು ಕರೆಂಟು ಮಾಡಿ, ಆರಿದ ನೀರನ್ನು ಮತ್ತೆ ನೆಲಕ್ಕೆ ಒತ್ತುತ್ತಾರೆ. ಎಷ್ಟು ಒತ್ತಬಹುದು ಎಂದು ಕಲ್ಲನ್ನು ಮೊದಲೇ ಕೇಳಬೇಕು. ಕೇಳದೆ ತುರುಕಿದರೆ ಭೂಮಿ ಮೈ ಕೊಡವುತ್ತದೆ. ಆ ಕೇಳುವ ಕೆಲಸಕ್ಕೆ ಬಿಸಿ ತಡೆಯುವ ರಬ್ಬರು ಬೇಕಿತ್ತು. ಕಾಕಾ ಎಷ್ಟೋ ತಿಂಗಳು ಹಿತ್ತಲಿನ ನೀರು ಕಾಯಿಸುವ ಹಂಡೆಯಲ್ಲಿ ರಬ್ಬರು ಬೇಯಿಸಿ ಬೇಯಿಸಿ ಅಂಥದ್ದನ್ನು ತಯಾರಿಸಿದ್ದರು. ಬಾಜೂಮನಿಯವರು ಇವತ್ತು ಏನು ಅಡಿಗಿ ಎಂದು ದಿನಾ ಕೇಳುತ್ತಿದ್ದರು. ಕೊನೆಗೆ ಒಪ್ಪುವಂಥವು ಎರಡೇ ತೋಳುಗಳು ಆದವು. ಹುಕ್ಕೇರಿಯ ರಬ್ಬರು ಸಮುದ್ರ ದಾಟುವುದು ಅದೇ ಮೊದಲು. ಅಲ್ಲಿ ಅದು ಹರಿದರೆ ಕಾಕಾ ಅವರ ಹೆಸರು ಹರಿದಂತೆ. ಅವರ ಮೊಣಕಾಲು ಮೆಟ್ಟಿಲು ಹತ್ತುವುದಿಲ್ಲ, ಹಾಗಾಗಿ ನನ್ನ ಪಾಳಿ ಬಂತು.

ಕಾಕಾ ಅವರ ಅಳಿಯ ನನ್ನೆದುರಿಗೇ ತಕರಾರು ತೆಗೆದರು. “ಈ ಸೋಂಗಾಡ್ಯಾನ್ನ ಕಳಸ್ತೀರೇನ್ರಿ ಮಾವಾರ? ಅಲ್ಲೂ ಭೋಂಗಾ ಊದಿ ಬರ್ತಾನ.”

ಕಾಕಾ ಕನ್ನಡಕದ ಮೇಲಿಂದ ನೋಡಿದರು. “ರಬ್ಬರ ಹಿಡಿಯೂ ಕೈ ಇವಂದೈತಿ. ಬಾಯಿ ಬ್ಯಾಡಂದ್ರ ನೀ ಕಟ್ಟಿ ಕಳಸು.” ಆಮೇಲೆ ನನ್ನ ಕಡೆ ತಿರುಗಿ ತಮ್ಮ ದಿನದ ಮಂತ್ರ ಹೇಳಿದರು. “ಸಾವಕಾಶ, ತಮ್ಮಾ. ಕಲ್ಲ ಎಲ್ಲೂ ಓಡಿ ಹೋಗೂದಿಲ್ಲ. ಹ್ಞಂ?”

ಆ ಕೊನೆಯ ‘ಹ್ಞಂ’ ಮೂಗಿನಲ್ಲಿ ಹುಟ್ಟಿ ಅಡಿಕೆಯ ಚೂರಿಗೆ ತಾಕಿ ಹೊರಗೆ ಬರುತ್ತದೆ. ಚಹಾದ ಹೊತ್ತಿನಲ್ಲಿ ಕಾಕಾ ಆಚೆ ಹೋದ ತಕ್ಷಣ ನಾನು ಅದನ್ನು ತೆಗೆದರೆ ಲೇತ್ ಯಂತ್ರದವನೂ ಯಂತ್ರ ಬಂದ್ ಮಾಡಿ ನಗುತ್ತಾನೆ. ಕಾಕಾ ಅವರಿಗೆ ಇದು ಗೊತ್ತಿಲ್ಲವೆಂದು ನಾವೆಲ್ಲ ನಂಬಿದ್ದೆವು.

ಇಜ್ಮಿರ್ ವಿಮಾನ ನಿಲ್ದಾಣ

ಕಸ್ಟಮ್ಸಿನ ಅಧಿಕಾರಿ ನನ್ನ ಪೆಟ್ಟಿಗೆ ತೆಗೆದು ಎರಡು ಕರಿ ತೋಳುಗಳನ್ನು ನೋಡಿದರು. ತುದಿಗೆ ಉಕ್ಕು, ಮೈಗೆ ರಬ್ಬರು, ನೋಡಿದವರಿಗೆ ಯುದ್ಧದ ಸಾಮಾನೇ. ಅವರಿಗೆ ಇಂಗ್ಲಿಷು ಸಾಲದು, ನನಗೆ ತುರ್ಕಿ ಬಾರದು. ಹೀಗಾಗಿ ನಾನೇ ಪ್ಯಾಕರಾದೆ. ಕೈಗಳನ್ನು ಮೈಗೆ ಅಂಟಿಸಿ ಕಂಬದಂತೆ ನಿಂತೆ, ಬಾವಿಗೆ ಇಳಿದಂತೆ ಮೊಣಕಾಲು ಮಡಿಸಿದೆ, ಗಲ್ಲ ಉಬ್ಬಿಸಿದೆ, ಹೊಟ್ಟೆ ಉಬ್ಬಿಸಿದೆ, ಕೊನೆಗೆ ಬಾಯಿಂದ ಠಕ್ ಎಂದು ಕಲ್ಲು ಬಿರಿಸಿದೆ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಚಪ್ಪಾಳೆ ತಟ್ಟಿದಳು. ಅಧಿಕಾರಿ ನಗಲಿಲ್ಲ, ಆದರೆ ತೋಳುಗಳನ್ನು ಪಕ್ಕಕ್ಕಿಟ್ಟರು.

ಆಮೇಲೆ ಕರದಂಟಿನ ಡಬ್ಬಿ ಸಿಕ್ಕಿತು. ನಾನು ತಂದದ್ದು ಹಳೆಯದಾಗಿ ಗಟ್ಟಿಯಾದ ಮಾಲು, ಅಂಗಡಿಯವನು ನನ್ನ ಮುಖ ನೋಡಿಯೇ ಕೊಟ್ಟಿದ್ದ. ಅಧಿಕಾರಿ ಒಂದು ತುಂಡು ಎತ್ತಿ ಮೇಜಿಗೆ ಬಡಿದರು. ಟಕ್ ಟಕ್. ನನ್ನನ್ನು ನೋಡಿ ಕೇಳಿದರು: “ತಾಶ್?”

ಅಬ್ಬಾ, ನಮ್ಮ ಶಬ್ದ! ಎಷ್ಟು ತಾಸು ಪ್ರಯಾಣ ಮಾಡಿದೆ ಎಂದು ಕೇಳುತ್ತಿದ್ದಾರೆ, ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡು ಎಂಟು ಬೆರಳು ತೋರಿಸಿದೆ. ಅವರ ಮುಖ ಗಂಭೀರವಾಯಿತು. ಪೆಟ್ಟಿಗೆಯ ತಳದವರೆಗೂ ಕೈ ಹಾಕಿದರು. ನನ್ನ ಖಡಕ್ ರೊಟ್ಟಿ ಮುರಿದವು, ಶೇಂಗಾ ಚಟ್ನಿ ಚಡ್ಡಿಗಳ ಮೇಲೆ ಚೆಲ್ಲಿತು. ಬಹಳ ಹೊತ್ತಿನ ಮೇಲೆ ಇಂಗ್ಲಿಷು ಬಲ್ಲ ಒಬ್ಬರು ಬಂದು ಬಿಡಿಸಿ ಹೇಳಿದರು: ತಾಶ್ ಎಂದರೆ ತುರ್ಕಿಯಲ್ಲಿ ಕಲ್ಲು. ಎಂಟು ಕಲ್ಲು ತಂದಿದ್ದೇನೆಂದು ನಾನೇ ಒಪ್ಪಿಕೊಂಡಿದ್ದೆ, ಅವರು ಉಳಿದ ಕಲ್ಲುಗಳನ್ನು ಹುಡುಕುತ್ತಿದ್ದರು.

ಪರೀಕ್ಷೆಗೆಂದು ಅಧಿಕಾರಿ ಒಂದು ತುಂಡು ಬಾಯಿಗೆ ಹಾಕಿಕೊಂಡರು. ಕರದಂಟಿನ ಅಂಟು ತನ್ನ ಕೆಲಸ ಮಾಡಿತು. ದವಡೆ ಬಿಡಿಸಿಕೊಳ್ಳಲಾಗದೆ, ಮುಂದಿನ ಪ್ರಶ್ನೆ ಕೇಳಲಾಗದೆ, ಕೈಬೀಸಿ ನನ್ನನ್ನು ಹೊರಗೆ ಕಳಿಸಿದರು. ಕಿವಿಗೆ ನಮ್ಮದೆನಿಸಿದ ಶಬ್ದವೆಲ್ಲ ನಮ್ಮದಲ್ಲ ಎಂಬ ಪಾಠ ನಾನು ಆಗಲೇ ಕಲಿಯಬೇಕಿತ್ತು. ನಾನು ಕಲಿತದ್ದು ಬೇರೆ: ಕರದಂಟು ಇದ್ದರೆ ಯಾವ ದೇಶಕ್ಕೂ ನುಗ್ಗಬಹುದು.

ಕಣಿವೆ, ಮೊದಲ ದಿನ

ಬಾವಿ ಇದ್ದದ್ದು ಅಂಜೂರದ ತೋಟಗಳ ನಡುವೆ. ದೂರದಲ್ಲಿ ಬಿಸಿನೀರಿನ ದೊಡ್ಡ ಬಾವಿಗಳಿಂದ ಹಬೆ ಏಳುತ್ತಿತ್ತು, ಯಾರದೋ ಮದುವೆಗೆ ಅಡುಗೆ ನಡೆದ ಹಾಗೆ. ನಮ್ಮದು ಅವುಗಳ ಅಂಚಿನಲ್ಲಿ ಅಳತೆಗೆಂದೇ ಕೊರೆದ ಸಣ್ಣ ಬಾವಿ. ಅದರ ಬಿಸಿ ಕುದಿಯುವುದಕ್ಕಿಂತ ಸ್ವಲ್ಪ ಕಡಿಮೆ.

ಕೆಲಸದ ಮುಖ್ಯಸ್ಥೆ ನೆರ್ಮಿನ್ ಹಾನಿಮ್. ಹಾನಿಮ್ ಎಂದರೆ ಬಾಯಿಯವರು, ಅಮ್ಮನವರು ಎಂದ ಹಾಗೆ. ಭೂಗರ್ಭ ಓದಿದವರು, ಇಂಗ್ಲಿಷು ಬಲ್ಲವರು, ಮಾತು ಖರ್ಚು ಮಾಡದವರು. ಏನು ಹೇಳಿದರೂ ಕನ್ನಡಕ ತೆಗೆದು ಒರೆಸಿ “ಪೆಕಿ” ಅನ್ನುತ್ತಿದ್ದರು. ಆಯಿತು ಎಂದರ್ಥ. ಅದರಲ್ಲಿ ಸಂತೋಷದ ಪೆಕಿ ಯಾವುದು, ಸಿಟ್ಟಿನ ಪೆಕಿ ಯಾವುದು ಎಂದು ಮೊದಲ ದಿನ ಗೊತ್ತಾಗಲಿಲ್ಲ. ಎರಡನೆಯ ದಿನ ನಾನು ಅವರ ನಕಲು ತೆಗೆಯುತ್ತಿದ್ದಾಗ ಹಿಂದಿನಿಂದ ಒಂದು ಪೆಕಿ ಬಂತು. ಸಿಟ್ಟಿನದು ಯಾವುದೆಂದು ಆಗ ಗೊತ್ತಾಯಿತು.

ಬಾವಿಯ ಬಾಯಿ ನೋಡಿಕೊಳ್ಳುತ್ತಿದ್ದವರು ಯೂಸುಫ್. ಅರವತ್ತರ ಹತ್ತಿರದ ಗಟ್ಟಿ ಆಳು, ಮೀಸೆಯೇ ಅರ್ಧ ಮುಖ. ಎಲ್ಲರೂ ಅವರನ್ನು ಉಸ್ತಾ ಎನ್ನುತ್ತಿದ್ದರು, ಕಸುಬಿನಲ್ಲಿ ಪಳಗಿದವರು ಎಂದರ್ಥ. ಗರಡಿಯಲ್ಲಿ ಕುಸ್ತಿ ಕಲಿಸುವವರನ್ನು ನಾವು ವಸ್ತಾದ ಎನ್ನುವುದಿಲ್ಲವೇ? ಕೇಳಿದ ಕೂಡಲೇ ನಾನು ಅವರನ್ನು ವಸ್ತಾದರೇ ಎಂದು ಕರೆಯತೊಡಗಿದೆ. ಅವರಿಗೂ ಅದು ಸೇರಿತು. ಮೀಸೆ ಅಲುಗಾಡಿತು.

ಅವರ ಊರಿನಲ್ಲಿ ಬೇಡ ಎನ್ನಲು ಗದ್ದ ಮೇಲೆತ್ತುತ್ತಾರೆ. ನಮ್ಮಲ್ಲಿ ಗದ್ದ ಎತ್ತಿದರೆ ಏನಲೇ ಎಂದ ಹಾಗೆ. ಮೊದಲ ದಿನ ಪೂರ್ತಿ ನಾನು ಏನು ಕೇಳಿದರೂ ಅವರು ಗದ್ದ ಎತ್ತುತ್ತಿದ್ದರು, ಕೇಳಿಸಲಿಲ್ಲವೆಂದು ನಾನು ಇನ್ನಷ್ಟು ಗಟ್ಟಿಯಾಗಿ ಕೇಳುತ್ತಿದ್ದೆ. ಪಾನಾ ಕೊಡಲಾ? ಗದ್ದ. ಪಾನಾ ಕೊಡಲಾ? ಗದ್ದ. ಕೊನೆಗೆ ನಟ್ಟು ತಿರುಗಿಸುವ ಆ ಪಾನಾ ಕಸಿದು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದರು.

ಅದಕ್ಕಿಂತ ದೊಡ್ಡ ಅನಾಹುತ ಚಹಾದ್ದು. ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಹಾಲಿಲ್ಲದ ಕೆಂಪು ಚಹಾ ಕೊಡುತ್ತಾರೆ. ಮುಗಿದ ತಕ್ಷಣ ಮತ್ತೆ ತುಂಬುತ್ತಾರೆ. ಕಲ್ಲೋಳಿಯಲ್ಲಿ ಊಟಕ್ಕೆ ಕೂತವನು ಸಾಕೆನ್ನಲು ತಾಟಿನ ಮೇಲೆ ಕೈ ಅಡ್ಡ ಹಿಡಿಯುತ್ತಾನೆ. ನಾನೂ ಹಿಡಿದೆ. ವಸ್ತಾದರು ನನ್ನ ಕೈಯನ್ನು ಪ್ರೀತಿಯಿಂದ ಸರಿಸಿ ತುಂಬಿದರು. ಹನ್ನೊಂದನೆಯ ಲೋಟದ ಹೊತ್ತಿಗೆ ನಾನೇ ಒಳಗಿನಿಂದ ಉಬ್ಬಿದ ಪ್ಯಾಕರಾಗಿದ್ದೆ. ಆಗ ನೆರ್ಮಿನ್ ಹಾನಿಮ್ ಕನಿಕರಪಟ್ಟು, ಚಮಚವನ್ನು ಲೋಟದ ಬಾಯಿಗೆ ಅಡ್ಡ ಇಡಬೇಕು ಎಂದು ತೋರಿಸಿಕೊಟ್ಟರು. ಮೊದಲೇ ಹೇಳಬಾರದಿತ್ತೇ ಎಂದೆ. ಎಷ್ಟು ಹಿಡಿಯುತ್ತದೆ ಎಂದು ಅಳೆಯುತ್ತಿದ್ದೆ ಎಂದರು. ಮುಖದಲ್ಲಿ ನಗುವಿನ ಗುರುತೂ ಇರಲಿಲ್ಲ.

ವಸ್ತಾದರ ಮನೆ

ಎರಡನೆಯ ಮತ್ತು ಮೂರನೆಯ ದಿನ ಕೆಲಸ ಬೆಣ್ಣೆಯ ಹಾಗೆ ನಡೆಯಿತು. ಕೊರೆದಾಗ ತೆಗೆದ ಕಲ್ಲಿನ ಕಂಬಗಳನ್ನು ನೋಡಿ ಮೊದಲೇ ಬಿರುಕಿಲ್ಲದ ಜಾಗಗಳನ್ನು ಗುರುತಿಸಿದ್ದರು. ಅಂಥವು ಇದ್ದದ್ದು ನಾಲ್ಕೇ. ಎರಡು ಕಡೆ ಕಾಕಾ ಅವರ ರಬ್ಬರು ಉಬ್ಬಿತು, ಕಲ್ಲು ಬಿರಿಯಿತು, ಸಂಖ್ಯೆ ಬಂತು.

ಮೂರನೆಯ ದಿನ ಸಂಜೆ ವಸ್ತಾದರು ನನ್ನನ್ನು ಮನೆಗೆ ಕರೆದೊಯ್ದರು. ನೆರ್ಮಿನ್ ಹಾನಿಮ್ ಕೂಡ ಬಂದರು. ದಾರಿಯುದ್ದಕ್ಕೂ ನಾನು ಮತ್ತು ವಸ್ತಾದರು ಶಬ್ದದ ಆಟ ಆಡಿದೆವು. ಗಿಡ ತೋರಿಸಿ ಅವರು ಇಂಜಿರ್ ಎಂದರೆ ನಾನು ಅಂಜೂರ ಎಂದೆ. ಅರಭಾವಿ ಕಾಲೇಜಿನ ತೋಟದ ಅಂಜೂರ ಕದ್ದು ತಿಂದ ಕಥೆಯನ್ನು ಕೈಸನ್ನೆಯಲ್ಲೇ ಹೇಳಿದೆ, ಬೆನ್ನಟ್ಟಿದ ಮಾಸ್ತರರ ಇಂಗ್ಲಿಷಿನ ಸಮೇತ. ಬಾಟಲಿಗೆ ಅವರು ಶೀಶೆ, ನಾವು ಸೀಸೆ. ಸಬೂನು ಸಾಬೂನು, ಹವಾ ಹವಾ, ದುಕ್ಕಾನ್ ದುಕಾನು, ಪೆಯ್ನಿರ್ ಪನೀರು. ಬೆಳಗಾವಿ ಸೀಮೆಯವನಿಗೆ ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ನಾಲ್ಕು. ಆ ನಾಲ್ಕರ ಚೂರುಗಳೆಲ್ಲ ಇಲ್ಲಿ ಬಿದ್ದಿದ್ದವು. ಮನೆ ಮುಟ್ಟುವ ಹೊತ್ತಿಗೆ ನಾನು ತುರ್ಕಿ ಪಂಡಿತನಾಗಿದ್ದೆ.

ಗುಡ್ಡದ ಇಳಿಜಾರಿನಲ್ಲಿ ಸುಣ್ಣ ಬಳಿದ ಚಿಕ್ಕ ಮನೆ. ಪಡಸಾಲೆಯ ಗೋಡೆಯಲ್ಲಿ ಮೇಲಿನಿಂದ ಕೆಳಗೆ ಒಂದು ಹಳೆಯ ಬಿರುಕು. ಅದರ ಮೇಲೆ ಅಡ್ಡವಾಗಿ ಒಂದು ಗಾಜಿನ ಪಟ್ಟಿ ಅಂಟಿಸಿದ್ದರು. ಹಿಂದೆ ಯಾವಾಗಲೋ ನೆಲ ನಡುಗಿದಾಗ ಬಿದ್ದ ಬಿರುಕು ಅದು. ಗೋಡೆ ಒಂದು ಕೂದಲೆಳೆ ಅಲುಗಿದರೂ ಗಾಜು ಒಡೆಯುತ್ತದೆ. ವಸ್ತಾದರು ದಿನಾ ಮುಂಜಾನೆ ಎದ್ದು, ನಾವು ದೇವರ ಫೋಟೋ ನೋಡುವಂತೆ, ಆ ಗಾಜು ನೋಡುತ್ತಾರಂತೆ.

ಅವರು ಏನೋ ಹೇಳಿದರು. ನೆರ್ಮಿನ್ ಹಾನಿಮ್ ಇಂಗ್ಲಿಷಿಗೆ ತಂದರು. ನನ್ನ ಕಿವಿಗೆ ಎಲ್ಲರೂ ಗೋಕಾಕದವರೇ ಆದ್ದರಿಂದ ಅದನ್ನು ಹಾಗೆಯೇ ಬರೆಯುತ್ತೇನೆ: “ನೀವು ತಗಿಯೂ ಲೆಕ್ಕ ಖರೆ ಇದ್ರ ಅಷ್ಟ ನೀರು ಒತ್ತತಾರ, ಈ ಗಾಜು ಉಳೀತೈತಿ. ಲೆಕ್ಕ ಸುಳ್ಳಾದ್ರ ಮೊದಲ ಗೊತ್ತಾಗೂದು ನನಗ.”

ನಾನು ಗಂಭೀರವಾಗಿ ಕೂರಬೇಕಾದ ಹೊತ್ತು ಅದು. ಆದರೆ ನನ್ನ ಬಾಯಿಗೆ ಗಂಭೀರದ ಅಭ್ಯಾಸವಿಲ್ಲ. ಹೆದರಬೇಡಿ, ನಮ್ಮ ಯಜಮಾನರು ಹೀಗಿದ್ದಾರೆ ಎಂದು ಜಿನ್ನಪ್ಪ ಕಾಕಾ ಅವರ ಸೋಂಗು ಹಾಕಿದೆ. ಕನ್ನಡಕ ಇಳಿಸಿ, ಮೊಣಕಾಲು ಒತ್ತಿಕೊಂಡು, “ಸಾವಕಾಶ, ತಮ್ಮಾ. ಕಲ್ಲ ಎಲ್ಲೂ ಓಡಿ ಹೋಗೂದಿಲ್ಲ. ಹ್ಞಂ?” ವಸ್ತಾದರ ಹೆಂಡತಿ ತಟ್ಟೆ ಕೆಳಗಿಟ್ಟು ನಕ್ಕರು. ವಸ್ತಾದರು ಸಾವಕಾಶ ಎಂಬ ಶಬ್ದದ ಅರ್ಥ ಕೇಳಿದರು. ಮೆಲ್ಲಗೆ ನಡೆದು ತೋರಿಸಿದೆ. ಅವರ ಕಣ್ಣು ಅರಳಿತು. “ಯವಾಶ್,” ಎಂದರು. ತುರ್ಕಿಯಲ್ಲಿ ನಿಧಾನಕ್ಕೆ ಯವಾಶ್. ಸಾವಕಾಶ, ಯವಾಶ್, ಸಾವಕಾಶ. ಊಟ ಮುಗಿಯುವವರೆಗೆ ಅವರು ಅದನ್ನು ಕಾಕಾ ಅವರ ಮೂಗಿನ ಸಮೇತ ರೂಢಿ ಮಾಡುತ್ತಿದ್ದರು.

ನಾಲ್ಕನೆಯ ದಿನ

ಮೂರನೆಯ ಜಾಗದ ಅಳತೆ. ನೆರ್ಮಿನ್ ಹಾನಿಮ್ ಕ್ಯಾಬಿನ್ನಿನಲ್ಲಿ ಪರದೆಯ ಮೇಲೆ ಒತ್ತಡದ ಗೆರೆ ನೋಡುತ್ತ ಕೂತಿದ್ದರು. ವಸ್ತಾದರು ಬಾವಿಯ ಬಾಯಿಯಲ್ಲಿ. ನಾನು ಇಬ್ಬರಿಗೂ ಕಾಣದಂತೆ ಟ್ರಕ್ಕಿನ ಆಚೆ, ಪಂಪಿನ ಹತ್ತಿರ. ಮೂವರ ಕೈಯಲ್ಲೂ ವಾಕಿಟಾಕಿ. ಪಂಪಿನ ವೇಗ ತಾನೇ ಬರೆಯುವ ಯಂತ್ರ ಹಿಂದಿನ ದಿನ ಬಿಸಿಗೆ ಕೈಕೊಟ್ಟಿತ್ತು. ಹಾಗಾಗಿ ಗಡಿಯಾರ ನೋಡಿ ವೇಗವನ್ನು ಪುಸ್ತಕದಲ್ಲಿ ನಾನೇ ಬರೆಯಬೇಕು. ನಿಯಮ ಒಂದೇ: ಮೊದಲಿನಿಂದ ಕೊನೆಯವರೆಗೆ ಒಂದೇ ವೇಗ, ಅದೂ ಮೆಲ್ಲಗೆ. ಅವಸರದಲ್ಲಿ ಒತ್ತಿದರೆ ಕಲ್ಲು ಇದ್ದುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ.

ಗೆರೆ ಏರುತ್ತಿತ್ತು. ವಸ್ತಾದರು ಪಕ್ಕದ ಕೊಳವೆಯ ವಾಲ್ವಿನ ಗಿರಕಿ ತಿರುಗಿಸಿ ಪೂರ್ತಿ ಮುಚ್ಚಬೇಕಿತ್ತು. ಅಷ್ಟರಲ್ಲಿ ವಾಕಿಟಾಕಿಯಲ್ಲಿ ಅವರ ಧ್ವನಿ ಬಂತು, ಏದುಸಿರಿನ ಜೊತೆ.

“ಚೋಕ್ ಜೋರ್! ಚೋಕ್ ಜೋರ್!”

ಚೋಕ್ ಎಂದರೆ ಬಹಳ ಎಂದು ಪಂಡಿತನಿಗೆ ಗೊತ್ತಿತ್ತು. ಜೋರು ಯಾರಿಗೆ ಗೊತ್ತಿಲ್ಲ? ಹುಟ್ಟಿದಾಗಿನಿಂದ ಕೇಳಿದ ಶಬ್ದ. ಜೋರ್ ಹೊಡಿ, ಜೋರ್ ಒತ್ತು, ಮಳಿ ಜೋರ್ ಐತಿ. ಬಹಳ ಜೋರ್ ಬೇಕಂತೆ, ಕೊಟ್ಟರಾಯಿತು ಎಂದು ಪಂಪಿನ ಹಿಡಿಕೆಯನ್ನು ಮುಂದಕ್ಕೆ ನೂಕಿದೆ. ಪಂಪು ಬೊಬ್ಬೆ ಹೊಡೆಯಿತು. ಒತ್ತಡದ ಮುಳ್ಳು ಹಾರಿತು. ಕಾಲಿನಡಿಯ ಕೊಳವೆ ಒಮ್ಮೆ ಕುಪ್ಪಳಿಸಿ, ನೆಲದಾಳದಲ್ಲಿ ಕಲ್ಲು ಬಿರಿದು, ಮುಳ್ಳು ಬಿತ್ತು.

ಕ್ಯಾಬಿನ್ನಿನಿಂದ ಪೆಕಿ ಬಂತು. ಇದು ಸಂತೋಷದ್ದು. ಈ ಜಾಗದಲ್ಲಿ ಕಲ್ಲು ಬಹಳ ಗಟ್ಟಿಯಿದೆ, ನಿರೀಕ್ಷೆಗಿಂತ ಎಷ್ಟೋ ಹೆಚ್ಚು ತಡೆದಿದೆ, ನಿಮ್ಮ ರಬ್ಬರು ಇಷ್ಟನ್ನು ತಾಳಿದ್ದು ದೊಡ್ಡದು ಎಂದರು. ನಾಲ್ಕು ದಿನದಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು.

ನನ್ನ ಮುಂದೆ ಪುಸ್ತಕ ತೆರೆದಿತ್ತು. ವೇಗದ ಸಾಲು ಖಾಲಿ. ಮೇಲಿನ ಸಾಲುಗಳಲ್ಲಿದ್ದದ್ದನ್ನೇ ಕೆಳಗೂ ಬರೆದರೆ ಮುಗಿಯಿತು. ನಕಲು ತೆಗೆಯುವುದರಲ್ಲಿ ನನಗಿಂತ ಹುಷಾರು ಯಾರು? ಕಾಕಾ ಅವರ ಹೆಸರು ಉಳಿಯುತ್ತದೆ, ಬಸ್ ಸ್ಟ್ಯಾಂಡಿನವರ ಬಾಯಿ ಮುಚ್ಚುತ್ತದೆ. ಟ್ರಕ್ಕಿನ ಸುತ್ತ ವಸ್ತಾದರು ಬಂದರು, ಕೈ ಒರೆಸಿಕೊಳ್ಳುತ್ತ, ಮೀಸೆಯಡಿ ನಗುತ್ತ. ಅವರಿಗೂ ಎಲ್ಲ ಸರಿಹೋಗಿದೆ ಎಂದೇ ಲೆಕ್ಕ. ಆ ನಗುವಿನ ಹಿಂದೆ ನನಗೆ ಕಂಡದ್ದು ಗೋಡೆಯ ಮೇಲಿನ ಗಾಜಿನ ಪಟ್ಟಿ.

ಪುಸ್ತಕದಲ್ಲಿ ನಿಜವಾದ ವೇಗವನ್ನೇ ಬರೆದೆ. ಅದನ್ನು ಹಿಡಿದುಕೊಂಡು ಕ್ಯಾಬಿನ್ನಿಗೆ ಹೋದೆ. ಯಾರ ಧ್ವನಿಯೂ ಸಿಗದೆ ನನ್ನದೇ ಧ್ವನಿಯಲ್ಲಿ, ಅದು ಇಷ್ಟು ಸಣ್ಣದೆಂದು ನನಗೇ ಗೊತ್ತಿರಲಿಲ್ಲ, ಹೇಳಿದೆ: ಲೆಕ್ಕ ಸುಳ್ಳು, ನಡುವೆ ನಾನು ಪಂಪು ಜೋರು ಮಾಡಿದೆ, ವಸ್ತಾದರೇ ಹೇಳಿದರಲ್ಲ.

“ಏನ್ ಹೇಳಿದಾ ಅಂವ?”

“ಜೋರ್ ಅಂದ್ರು.”

ನೆರ್ಮಿನ್ ಹಾನಿಮ್ ಕನ್ನಡಕ ತೆಗೆದರು. “ಜೋರ್ ಅಂದ್ರ ಕಠಿಣ. ಗಿರಕಿ ತಿರಗವಲ್ದು, ಭಾಳ ತ್ರಾಸ ಐತಿ ಅಂದಾನ.”

ಬಿಸಿನೀರಿನ ಸುಣ್ಣ ಕಟ್ಟಿ ಗಿರಕಿ ಹಿಡಿದುಕೊಂಡಿತ್ತಂತೆ, ನಮ್ಮ ಹಂಡೆಯ ತಳದ ಹಾಗೆ. ಅವರು ತಮ್ಮ ಕಷ್ಟ ಹೇಳಿಕೊಂಡಿದ್ದರು, ನಾನು ಅದನ್ನು ಹುಕುಂ ಎಂದುಕೊಂಡಿದ್ದೆ. ವಿಷಯ ತಿಳಿದ ವಸ್ತಾದರು ನಗಲಿಲ್ಲ. ತನ್ನ ಮಾತಿನಿಂದಲೇ ಆಯಿತು, ತನ್ನ ಹೆಸರು ಬರೆಯಿರಿ ಎಂದರಂತೆ. ನೆರ್ಮಿನ್ ಹಾನಿಮ್ ಗದ್ದ ಮೇಲೆತ್ತಿದರು. ಆ ಗದ್ದದ ಅರ್ಥ ನನಗೆ ಈಗ ಚೆನ್ನಾಗಿ ಗೊತ್ತಿತ್ತು. ನನ್ನ ಪುಸ್ತಕದ ಆ ಪುಟದ ಮೇಲೆ ಅವರು ಅಡ್ಡಗೆರೆ ಎಳೆದರು. ಬಿರುಕು ಎಲ್ಲಿಗೆ ಓಡಿದೆಯೋ ಯಾರಿಗೆ ಗೊತ್ತು, ಆ ಜಾಗ ಕೆಟ್ಟಿತು. ಉಳಿದದ್ದು ನಾಲ್ಕನೆಯ ಜಾಗ ಒಂದೇ. ಮರುದಿನ ಮಧ್ಯಾಹ್ನ ಕ್ರೇನು ಬೇರೆ ಬಾವಿಗೆ ಹೋಗುತ್ತದೆ. ಇಷ್ಟು ಹಿಗ್ಗಿದ ಮೇಲೆ ರಬ್ಬರು ಇನ್ನೊಮ್ಮೆ ತಾಳುತ್ತದೆಯೇ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹುಕ್ಕೇರಿಯಲ್ಲಿದ್ದರು.

ಉಗುರಿನ ಗುರುತು

ಪ್ಯಾಕರು ಮೇಲೆ ತಂದು, ಆರಿದ ಮೇಲೆ ಫೋನು ಮಾಡಿದೆ. ಕಾಕಾ ಎಲ್ಲವನ್ನೂ ಕೇಳಿಸಿಕೊಂಡರು. ಆ ಕಡೆ ಸುತ್ತಿಗೆಯ ಸದ್ದು ನಿಂತಿತು. ಬೈಗುಳಕ್ಕೆ ಕಿವಿ ಸಜ್ಜು ಮಾಡಿಕೊಂಡೆ.

“ಬುಕ್ಕಿನ್ಯಾಗ ಖರೆ ವೇಗ ಬರದ್ಯೋ ಇಲ್ಲೋ?”

“ಬರದೇನ್ರಿ ಕಾಕಾ.”

“ಹಂಗಾರ ರಬ್ಬರಿನ ಮ್ಯಾಲ ಉಗುರು ಒತ್ತು. ಹತ್ತು ಎಣಸೂದರಾಗ ಗುರುತು ಹೋತಂದ್ರ ಕೆಳಗ ಬಿಡು. ಇಲ್ಲಂದ್ರ ಸುತ್ತಿಕೊಂಡು ಮನಿಗೆ ಬಾ.”

ಮೇಲಿನ ತೋಳಿಗೆ ಒತ್ತಿ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ಹೆದರಿಕೆಗೆ ನಾಲಿಗೆ ಓಡುತ್ತಿತ್ತು. ಸಾವಕಾಶ ಎಣಸು ಎಂದು ಫೋನಿನಿಂದ ಗದರಿದರು. ಆರಕ್ಕೆ ಗುರುತು ಮಾಯವಾಯಿತು. ಕೆಳಗಿನ ತೋಳು ಏಳಕ್ಕೂ ಹಾಗೇ ಇತ್ತು, ಎಂಟಕ್ಕೂ ಇತ್ತು. ಪಕ್ಕದಲ್ಲಿ ವಸ್ತಾದರು ಮೀಸೆ ಹಲ್ಲಿನಲ್ಲಿ ಕಚ್ಚಿಕೊಂಡು ಬಗ್ಗಿ ನೋಡುತ್ತಿದ್ದರು.

“ಒಂಬತ್ತಕ್ಕ ಹೋತ್ರಿ.”

“ಒಂಬತ್ತು ಹತ್ತಲ್ಲ,” ಎಂದು ಕಾಕಾ ಫೋನಿಟ್ಟರು. ಸುತ್ತಿಗೆಯ ಸದ್ದು ಮತ್ತೆ ಶುರುವಾದದ್ದು ಇಡುವ ಮೊದಲೇ ಕೇಳಿಸಿತ್ತು.

ಕೊನೆಯ ಜಾಗ

ಮುಂಜಾನೆ ಇಬ್ಬನಿ ಆರುವ ಮೊದಲೇ ಇಳಿಸಿದೆವು. ವಸ್ತಾದರು ಗಿರಕಿಯನ್ನು ಬಿಚ್ಚಿ, ಸುಣ್ಣ ಕೆರೆದು, ಗ್ರೀಸು ಹಚ್ಚಿ, ಒಂದು ಬೆರಳಿನಲ್ಲಿ ತಿರುಗಿಸಿ ತೋರಿಸಿದರು. ನೆರ್ಮಿನ್ ಹಾನಿಮ್ ಹೊಸ ಕಾಯಿದೆ ಮಾಡಿದರು: ವಾಕಿಟಾಕಿಯಲ್ಲಿ ಯಾವ ಭಾಷೆಯಲ್ಲೂ ಜೋರ್ ಎನ್ನಬಾರದು. ಆಮೇಲೆ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡರು.

ಪಂಪಿನ ಹಿಡಿಕೆ ಹಿಡಿದೆ. ಕೈ ನಡುಗುತ್ತಿತ್ತು. ಹಿಡಿಕೆ ನಡುಗಿದರೆ ವೇಗ ನಡುಗುತ್ತದೆ, ವೇಗ ನಡುಗಿದರೆ ಲೆಕ್ಕ ನಡುಗುತ್ತದೆ, ಲೆಕ್ಕ ನಡುಗಿದರೆ ಇವರ ಗೋಡೆ. ಇಷ್ಟು ಉದ್ದದ ಸರಪಳಿಯನ್ನು ನನ್ನಂಥವನ ಕೈಗೆ ಯಾರು ಕಟ್ಟಿದರು ಎಂದುಕೊಳ್ಳುತ್ತಿರುವಾಗ ವಾಕಿಟಾಕಿ ಕರಕರ ಎಂದಿತು. ತುರ್ಕಿಯ ಅಂಜೂರದ ತೋಟದಲ್ಲಿ ಹುಕ್ಕೇರಿಯ ಮೂಗು ಮಾತಾಡಿತು.

“ಸಾವಕಾಶ, ತಮ್ಮಾ. ಹ್ಞಂ?”

ನಕ್ಕೆ. ನಕ್ಕಾಗ ಕೈ ನಿಂತಿತು. ಹಿಡಿಕೆಯನ್ನು ಗುರುತಿಗೆ ತಂದು ಅಲ್ಲೇ ಬಿಟ್ಟೆ, ಮುಂದೆ ಮುಟ್ಟಲಿಲ್ಲ. ಮುಳ್ಳು ಏರಿತು, ಎಮ್ಮೆ ದಿಬ್ಬ ಹತ್ತುವ ಹಾಗೆ. ಕಲ್ಲು ಬಿರಿಯಿತು. ಪಂಪು ನಿಲ್ಲಿಸಿದೆ. ಮುಳ್ಳು ಇಳಿದು ಒಂದು ಕಡೆ ತಂಗಿತು. ಮತ್ತೆ ಒತ್ತಿ ಬಿಚ್ಚಿಸಿದೆವು, ಮತ್ತೆ ಮುಚ್ಚಿತು. ಮೂರು ಸಲವೂ ಅದೇ ಜಾಗಕ್ಕೆ ಬಂದು ಕೂತಿತು. ಹಿಂದಿನ ದಿನದ ಸಂಖ್ಯೆಗಿಂತ ಇದು ಬಹಳ ಕೆಳಗಿತ್ತು, ಮೊದಲ ಎರಡು ಜಾಗಗಳ ಜೊತೆ ಸರಿಯಾಗಿ ಹೊಂದುತ್ತಿತ್ತು. ಕಲ್ಲು ಅಷ್ಟೇನೂ ಪೈಲವಾನನಲ್ಲ. ನಾನು ಅದಕ್ಕೆ ಸುಳ್ಳೇ ಮೀಸೆ ಅಂಟಿಸಿದ್ದೆ.

ಆಮೇಲೆ ಮೆತ್ತನೆಯ ರಬ್ಬರು ಸುತ್ತಿದ, ಅಲ್ಲಿಯವರದೇ ಆದ ಇನ್ನೊಂದು ತೋಳನ್ನು ದಿಕ್ಸೂಚಿಯ ಜೊತೆ ಇಳಿಸಿ ಬಿರುಕಿನ ಅಚ್ಚು ತೆಗೆದೆವು. ಮೇಲೆ ಬಂದಾಗ ಅದರ ಮೈಮೇಲೆ ಉದ್ದಕ್ಕೆ ಒಂದು ತೆಳು ಗೆರೆ, ರೊಟ್ಟಿಯ ಮೇಲೆ ಉಗುರು ಎಳೆದಂತೆ. ದಿಕ್ಕು ಪೂರ್ವ ಪಶ್ಚಿಮ. ನೀರು ದಾರಿ ಹುಡುಕಿದರೆ ಕಣಿವೆಯ ಉದ್ದಕ್ಕೇ ಹುಡುಕುತ್ತದೆ. ವಸ್ತಾದರ ಮನೆ ಇದ್ದದ್ದು ಉತ್ತರದ ಇಳಿಜಾರಿನಲ್ಲಿ. ಅವರು ಮೊದಲು ಗೆರೆ ನೋಡಿದರು, ಆಮೇಲೆ ಗುಡ್ಡ ನೋಡಿದರು, ಆಮೇಲೆ ಮತ್ತೆ ಗೆರೆ ನೋಡಿದರು. ಇದರಿಂದ ಭೂಮಿ ಎಂದೂ ಅಲುಗುವುದಿಲ್ಲ ಎಂದೇನೂ ಅಲ್ಲ, ನಾವಾಗಿ ಅದನ್ನು ಕೆಣಕದಿರಲು ಎಷ್ಟು ಒತ್ತಬಾರದು ಎಂದು ಗೊತ್ತಾಗಿದೆ ಅಷ್ಟೇ ಎಂದರು ನೆರ್ಮಿನ್ ಹಾನಿಮ್. ಆ ಸಣ್ಣ ಸಂಖ್ಯೆಯನ್ನು ದಪ್ಪಗೆ ಬರೆದು, ಇನ್ನೆರಡು ಬಾವಿಗಳಿಗೂ ಇದೇ ರಬ್ಬರು ಬೇಕೆಂದು ನಿಮ್ಮ ಯಜಮಾನರಿಗೆ ಹೇಳಿ ಎಂದರು. ಕನ್ನಡಕ ಒರೆಸಿದರು. “ಪೆಕಿ.” ಆ ಪೆಕಿಯ ನಕಲು ನನಗೆ ಇಂದಿಗೂ ಬಂದಿಲ್ಲ.

ಹೊರಡುವಾಗ ಚಹಾ ಕೊಟ್ಟರು. ಚಮಚ ಅಡ್ಡ ಇಡುವುದು ಗೊತ್ತಿದ್ದೂ ನಾನು ಇಡಲಿಲ್ಲ.

ಹುಕ್ಕೇರಿ, ಮತ್ತೆ

ವರ್ಕ್‌ಶಾಪಿನಲ್ಲಿ ಕಾಕಾ ನನ್ನನ್ನು ನೋಡುವ ಮೊದಲು ರಬ್ಬರು ನೋಡಿದರು. ಎರಡೂ ತೋಳಿಗೆ ಉಗುರು ಒತ್ತಿ ಬಾಯಲ್ಲೇ ಎಣಿಸಿದರು. ಇನ್ನೆರಡು ಬಾವಿಯ ಸುದ್ದಿಗೆ ತಲೆ ಅಲುಗಿಸಿದರು, ಹಂಡೆ ಮತ್ತೆ ಹೊತ್ತಿಸಬೇಕು ಎಂದರು. ಅಳಿಯ ನನಗೆ ತಾವೇ ಚಹಾ ತಂದುಕೊಟ್ಟರು. ಇದು ನಮ್ಮ ವರ್ಕ್‌ಶಾಪಿನ ಇತಿಹಾಸದಲ್ಲಿ ಹೊಸದು.

ಅಲ್ಲಿಗೆ ಬಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ವಸ್ತಾದರು ಕಾಕಾ ಅವರಿಗೆಂದು ನನ್ನ ಫೋನಿನಲ್ಲಿ ತಮ್ಮ ಧ್ವನಿಯಲ್ಲೇ ಒಂದು ಸಂದೇಶ ತುಂಬಿಸಿ ಕಳಿಸಿದ್ದರು. ತುರ್ಕಿಯಲ್ಲಿ ಸಲಾಮು ಗಿಲಾಮು ಇರಬೇಕು ಎಂದುಕೊಂಡು, ಮೊದಲೇ ಕೇಳಿ ನೋಡದೆ, ಎಲ್ಲರ ಮುಂದೆ ಹಚ್ಚಿದೆ.

“ಸಾವಕಾಶ, ತಮ್ಮಾ. ಕಲ್ಲ ಎಲ್ಲೂ ಓಡಿ ಹೋಗೂದಿಲ್ಲ. ಹ್ಞಂ?”

ಅದೇ ಮೂಗು, ಅದೇ ಅಡಿಕೆ. ಲೇತಿನವನು ಲೇತಿನ ಹಿಂದೆ ಕುಸಿದು ಕೂತ. ಅಳಿಯ ಬಾಯಿಗೆ ಕೈ ಹಿಡಿದರು. ಜೀವಮಾನದಲ್ಲಿ ಹುಕ್ಕೇರಿಯನ್ನೇ ನೋಡದ ಮನುಷ್ಯನಿಗೆ ಜಿನ್ನಪ್ಪ ಕಾಕಾ ಅವರ ಧ್ವನಿ ಎಲ್ಲಿಂದ ಬಂತು ಎಂಬುದಕ್ಕೆ ಇಡೀ ವರ್ಕ್‌ಶಾಪಿನಲ್ಲಿ ಒಂದೇ ಉತ್ತರವಿತ್ತು. ಅದು ಚಹಾದ ಲೋಟ ಹಿಡಿದು ನಿಂತಿತ್ತು.

ಕಾಕಾ ಇನ್ನೊಮ್ಮೆ ಹಚ್ಚು ಎಂದರು. ಹಚ್ಚಿದೆ. ಕಣ್ಣು ಮುಚ್ಚಿ ಕೇಳಿದರು. ಕನ್ನಡಕ ಇಳಿಸಿ ಅದರ ಮೇಲಿಂದ ನನ್ನನ್ನು ನೋಡಿದರು.

“ಇಂವ ನಿನಗಿಂತ ಛಲೋ ತಗೀತಾನಲೇ,” ಎಂದರು. “ನೀ ಯಾವಾಗ್ಲೂ ಆ ಕಡೀ ‘ಹ್ಞಂ’ ಭಾಳ ಜೋರ್ ಹಾಕ್ತಿ. ಅದು ಸಾವಕಾಶ ಬರಬೇಕ.”